ಯುಪಿಐ, ಜಿಎಸ್‌ಟಿ ಮತ್ತು ಸಣ್ಣ ವ್ಯಾಪಾರಿ: ಬಿಗ್ ಡೇಟಾ ಬಳಸಿ ಆರ್ಥಿಕ ಸುಧಾರಣೆ ಹಾಗೂ ಜನಾಭಿಪ್ರಾಯವನ್ನು ಅಧ್ಯಯನ ಮಾಡುವ ಕ್ರಮ

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣದ ಲೆಕ್ಕವನ್ನು ಮುಂದಿಟ್ಟುಕೊಂಡು, ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಗಲ್ಲಾದ ಪಕ್ಕದಲ್ಲಿದ್ದ ಕ್ಯೂಆರ್ ಕೋಡ್‌ಗಳು ಎಷ್ಟೋ ಕಡೆ ಕಾಣೆಯಾಗಿ, ಆ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಂದವು. ವ್ಯಾಪಾರಿಗಳು ಜುಲೈ 25ರಂದು ಬಂದ್‌ಗೆ ಕರೆ ಕೊಟ್ಟರು. ಅದಕ್ಕೂ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದ ಮೇಲೆ ಬಿಸಿ ಕೊಂಚ ಇಳಿಯಿತು.

ಆರ್ಥಿಕ ಸುಧಾರಣೆಯನ್ನೂ ಅದಕ್ಕೆ ಜನ ಕೊಡುವ ಪ್ರತಿಕ್ರಿಯೆಯನ್ನೂ ದೊಡ್ಡ ಪ್ರಮಾಣದ ದತ್ತಾಂಶದಿಂದ ಅಭ್ಯಾಸ ಮಾಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಹತ್ತಿರದಲ್ಲಿ ಇನ್ನೊಂದಿಲ್ಲ. ಇಲ್ಲಿ ಸರ್ಕಾರವೇ ಬಿಗ್ ಡೇಟಾ ಬಳಸಿ ಒಂದು ತೀರ್ಮಾನಕ್ಕೆ ಬಂತು. ಆ ತೀರ್ಮಾನಕ್ಕೆ ಎದ್ದ ಪ್ರತಿಕ್ರಿಯೆ ಯೂಟ್ಯೂಬ್ ಕಾಮೆಂಟುಗಳಲ್ಲಿ, ಗೂಗಲ್ ಹುಡುಕಾಟಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ ಮತ್ತೊಂದು ದತ್ತಾಂಶವಾಗಿ ಉಳಿದಿದೆ. ಅರ್ಥಶಾಸ್ತ್ರ ಹಾಗೂ ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿಗಳು, ದತ್ತಾಂಶ ಇಟ್ಟುಕೊಂಡು ವರದಿ ಮಾಡುವವರು ಮತ್ತು ಸಂಘಟನೆಗಳಲ್ಲಿ ಕೆಲಸ ಮಾಡುವವರು ಇಂತಹ ಅಧ್ಯಯನವನ್ನು ಆರಂಭದಿಂದ ಕೊನೆಯವರೆಗೆ ಹೇಗೆ ನಡೆಸಬಹುದು ಎಂಬುದನ್ನು ಈ ಪ್ರಕರಣವನ್ನೇ ಹಿಡಿದು ವಿವರಿಸುತ್ತೇನೆ.

ಪ್ರಶ್ನೆಯನ್ನು ಮೊದಲು ಬರೆದಿಡಿ

‘ಜಿಎಸ್‌ಟಿ ಬಗ್ಗೆ ಜನ ಏನೆನ್ನುತ್ತಾರೆ’ ಎಂಬುದು ಕುತೂಹಲವೇ ಹೊರತು ಅಧ್ಯಯನದ ಪ್ರಶ್ನೆಯಲ್ಲ. ಯಾವ ಕ್ರಮ, ಯಾವ ದಿನದಿಂದ, ಯಾವ ಪ್ರದೇಶದಲ್ಲಿ, ಯಾರ ಮೇಲೆ, ಯಾವುದಕ್ಕೆ ಹೋಲಿಸಿದರೆ ಎಂಬ ಐದೂ ಸ್ಪಷ್ಟವಾಗುವವರೆಗೆ ಯಾವ ಕಡತವನ್ನೂ ಡೌನ್‌ಲೋಡ್ ಮಾಡಬೇಡಿ. ನಮ್ಮ ಪ್ರಕರಣದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ವರ್ತನೆಯದು: ನೋಟಿಸಿನ ಸುದ್ದಿ ಹಬ್ಬಿದ ನಂತರ ಕರ್ನಾಟಕದಲ್ಲಿ ಅಂಗಡಿಗಳಿಗೆ ಯುಪಿಐ ಮೂಲಕ ಹಣ ಕೊಡುವುದು, ನೋಟಿಸ್ ಇಲ್ಲದ ನೆರೆರಾಜ್ಯಗಳಿಗೆ ಹೋಲಿಸಿದರೆ ಇಳಿಯಿತೇ? ಇನ್ನೊಂದು ಅಭಿಪ್ರಾಯದ್ದು: ಜನರ ಸಿಟ್ಟು ತೆರಿಗೆಯ ಮೇಲಿತ್ತೇ, ನೋಟಿಸ್ ಕೊಟ್ಟ ರೀತಿಯ ಮೇಲಿತ್ತೇ, ಅಥವಾ ಯುಪಿಐ ಮೇಲೆಯೇ ಇತ್ತೇ? ಇವೆರಡನ್ನೂ ಬೆರೆಸಿ ನೋಡಿದರೆ, ಯುಪಿಐಯನ್ನು ಬಾಯ್ತುಂಬಾ ಬೈಯುತ್ತಲೇ ಸಂಜೆಯ ಹೊತ್ತಿಗೆ ಮತ್ತೆ ಕ್ಯೂಆರ್ ಕೋಡ್ ತೂಗುಹಾಕಿದ ವ್ಯಾಪಾರಿ ನಿಮ್ಮ ಲೆಕ್ಕದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಪ್ರಶ್ನೆಯ ಜೊತೆಗೆ, ಅಳೆಯುತ್ತಿರುವುದು ಏನನ್ನು ಎಂಬುದನ್ನೂ ಬರೆದಿಡಬೇಕು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಆದರೆ ಯುಪಿಐ ಖಾತೆಗೆ ಬಂದ ಮೊತ್ತವೆಲ್ಲ ವಹಿವಾಟಲ್ಲ: ಅದೇ ಖಾತೆಗೆ ಮಗನ ಸಂಬಳ, ಚೀಟಿ ಹಣ, ಸ್ನೇಹಿತರ ಕೈಗಡವೂ ಬಂದಿರುತ್ತವೆ. ಮೇಲಾಗಿ, ತಾಜಾ ತರಕಾರಿ, ಹಣ್ಣುಗಳಂತಹ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಣಿ ಮಾಡಿಸಬೇಕಿಲ್ಲ. ಆದರೆ ತರಕಾರಿಯ ಜೊತೆಗೆ ಬಿಸ್ಕತ್ತು, ಸೋಪು ಮಾರುವವರ ಒಟ್ಟು ವಹಿವಾಟಿಗೆ ತರಕಾರಿಯ ಮೊತ್ತವೂ ಸೇರುತ್ತದೆ. ಈ ಸೂಕ್ಷ್ಮ ವ್ಯತ್ಯಾಸಗಳು ಪಾವತಿಯ ದತ್ತಾಂಶದಲ್ಲಿ ಕಾಣುವುದಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನೋಟಿಸ್ ಬಂದದ್ದು ರಾಜ್ಯದಾದ್ಯಂತ ಸುದ್ದಿಯಾದದ್ದು ಇದೇ ಕಾರಣಕ್ಕೆ. ದತ್ತಾಂಶದ ಕಾಲಂಗೂ ನೀವು ತಿಳಿಯಬಯಸುವ ಸಂಗತಿಗೂ ನಡುವೆ ಇರುವ ಅಂತರವನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ, ಅದು ಮುಂದಿನ ಪ್ರತಿ ಹಂತದಲ್ಲೂ ನಿಮ್ಮನ್ನು ಕಾಯುತ್ತದೆ.

ವರ್ತನೆಯ ದತ್ತಾಂಶ ಎಲ್ಲಿ ಸಿಗುತ್ತದೆ

ಯುಪಿಐ 2016ರಲ್ಲಿ ಆರಂಭವಾಯಿತು. ತಿಂಗಳ ವಹಿವಾಟುಗಳ ಸಂಖ್ಯೆ 2019ರ ಅಕ್ಟೋಬರಿನಲ್ಲಿ 100 ಕೋಟಿಯನ್ನೂ, 2023ರ ಆಗಸ್ಟ್‌ನಲ್ಲಿ 1,000 ಕೋಟಿಯನ್ನೂ, 2025ರ ಆಗಸ್ಟ್‌ನಲ್ಲಿ 2,000 ಕೋಟಿಯನ್ನೂ ದಾಟಿತು. ಈ ಮಾಸಿಕ ಅಂಕಿಗಳನ್ನು ಯುಪಿಐಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹೋದದ್ದೆಷ್ಟು, ವ್ಯಾಪಾರಿಗೆ ಹೋದದ್ದೆಷ್ಟು ಎಂಬ ವಿಭಜನೆಯೂ ಅಲ್ಲಿದೆ. ಪಾವತಿ ವ್ಯವಸ್ಥೆಗಳ ದಿನವಾರು ಅಂಕಿಗಳನ್ನು ರಿಸರ್ವ್ ಬ್ಯಾಂಕ್ ಕೊಡುತ್ತದೆ. ರಾಜ್ಯ, ಜಿಲ್ಲೆಗಳ ಮಟ್ಟಕ್ಕೆ ಇಳಿಯಬೇಕೆಂದರೆ ಫೋನ್‌ಪೇ ಸಂಸ್ಥೆ 2021ರಿಂದ ಮುಕ್ತವಾಗಿ ಒದಗಿಸುತ್ತಿರುವ ‘ಪಲ್ಸ್’ ದತ್ತಾಂಶವನ್ನು ನೋಡಬಹುದು. ಅದು 2018ರಿಂದ ತ್ರೈಮಾಸಿಕವಾರು ಇದೆ. ವ್ಯಾಪಾರಿ ಪಾವತಿ ಎಂಬ ವಿಭಾಗ ರಾಜ್ಯಮಟ್ಟದಲ್ಲಿ ಮಾತ್ರ ಸಿಗುತ್ತದೆ, ಜಿಲ್ಲಾ ಮಟ್ಟದಲ್ಲಿ ಒಟ್ಟು ಸಂಖ್ಯೆ ಮತ್ತು ಮೊತ್ತ ಮಾತ್ರ. ಅಲ್ಲದೆ ಅದು ಒಂದೇ ಕಂಪನಿಯ ಲೆಕ್ಕ. ಜನ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದರೂ ಅಲ್ಲಿ ಇಳಿಕೆಯೇ ಕಾಣಿಸುತ್ತದೆ.

ಈ ದತ್ತಾಂಶದಲ್ಲಿ ಎಚ್ಚರ ತಪ್ಪಿಸುವ ಜಾಗವೊಂದಿದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ವ್ಯಾಪಾರಿಯೊಬ್ಬರು ಅಂಗಡಿಯ ಕ್ಯೂಆರ್ ಕೋಡ್ ತೆಗೆದುಹಾಕಿ, ‘ನನ್ನ ಹೆಂಡತಿಯ ನಂಬರಿಗೆ ಹಾಕಿ’ ಎಂದರೆಂದುಕೊಳ್ಳಿ. ಅಂಕಿಗಳಲ್ಲಿ ವ್ಯಾಪಾರಿ ಪಾವತಿ ಇಳಿಯುತ್ತದೆ, ವ್ಯಕ್ತಿಗತ ಪಾವತಿ ಅಷ್ಟೇ ಏರುತ್ತದೆ. ನಗದು ಒಂದು ರೂಪಾಯಿಯೂ ಹೆಚ್ಚಿರುವುದಿಲ್ಲ. ವ್ಯಾಪಾರಿ ಪಾವತಿಯ ಗೆರೆಯನ್ನಷ್ಟೇ ನೋಡಿದವರು ‘ಕರ್ನಾಟಕ ನಗದಿಗೆ ಮರಳಿತು’ ಎಂದು ಬರೆದುಬಿಡುತ್ತಾರೆ. ಆದ್ದರಿಂದ ಎರಡೂ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಎಳೆಯಿರಿ, ಮೊತ್ತವನ್ನೂ ಸಂಖ್ಯೆಯನ್ನೂ ಬೇರೆಬೇರೆಯಾಗಿ ನೋಡಿ. ಹತ್ತು ರೂಪಾಯಿಯ ಚಹಾದ ಪಾವತಿಗಳು ನಿಂತರೆ ಸಂಖ್ಯೆ ಕುಸಿಯುತ್ತದೆ, ಮೊತ್ತ ಅಲುಗುವುದಿಲ್ಲ.

ಪಾವತಿಯ ಹೊರಗೆ, ರಾಜ್ಯವಾರು ಜಿಎಸ್‌ಟಿ ಸಂಗ್ರಹ ಮತ್ತು ಇ-ವೇ ಬಿಲ್‌ಗಳ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಆನ್‌ಲೈನ್ ದಾಖಲೆ) ಅಂಕಿ ಉಪಯುಕ್ತ. ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೊಳಿಸಿದ್ದು ಕರ್ನಾಟಕ. ಹಾಗಾಗಿ ನಮ್ಮ ರಾಜ್ಯದ ಸರಣಿ ಉದ್ದವಾಗಿದೆ. ಆದರೆ 50,000 ರೂಪಾಯಿ ದಾಟಿದ ಸರಕಿಗೆ ಮಾತ್ರ ಈ ಬಿಲ್ ಬೇಕಾದ್ದರಿಂದ ಬೀದಿಬದಿಯ ವ್ಯಾಪಾರ ಅದರಲ್ಲಿ ಸಿಗದು.

ಉಪಗ್ರಹದಿಂದ ತೆಗೆದ ರಾತ್ರಿಯ ಬೆಳಕಿನ ಚಿತ್ರಗಳನ್ನು ಆರ್ಥಿಕ ಚಟುವಟಿಕೆಯ ಅಂದಾಜಿಗೆ ಬಳಸುವುದು ಈಗ ರೂಢಿಯಲ್ಲಿದೆ. ಉಪಗ್ರಹದಲ್ಲಿರುವ ವಿಯರ್ಸ್ (VIIRS) ಎಂಬ ಸಂವೇದಕದ ಮಾಸಿಕ ಚಿತ್ರಗಳು 2012ರಿಂದ ಉಚಿತವಾಗಿ ಲಭ್ಯವಿವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ತುಂಬಿರುವುದರಿಂದ ಆ ತಿಂಗಳುಗಳ ಅಂಕಿಗಳನ್ನು ನಂಬುವ ಮುನ್ನ, ಮೋಡವಿಲ್ಲದ ಎಷ್ಟು ರಾತ್ರಿಗಳಿಂದ ಆ ಸರಾಸರಿ ಬಂದಿದೆ ಎಂಬ ಪದರವನ್ನು ತೆರೆದು ನೋಡಿ. ಬೀದಿದೀಪಗಳನ್ನು ಸೋಡಿಯಂನಿಂದ ಬಿಳಿ ಎಲ್‌ಇಡಿಗೆ ಬದಲಿಸಿದ ನಗರದಲ್ಲಿ, ನೀಲಿ ಬೆಳಕಿಗೆ ಈ ಸಂವೇದಕ ಸ್ಪಂದಿಸದ ಕಾರಣ, ಬೆಳಕು ಕಡಿಮೆಯಾದಂತೆ ಕಾಣಬಹುದು. ಜುಲೈ ನೋಟಿಸಿನಂತಹ, ಕೆಲವೇ ವಾರಗಳ ಘಟನೆಗೆ ಈ ಸಾಧನ ಒದಗುವುದಿಲ್ಲ. ನೋಟು ರದ್ದತಿಯಂತಹ ಭಾರಿ ಆಘಾತಕ್ಕೆ ಒದಗಿದೆ.

ಹೋಲಿಕೆಯಿಲ್ಲದೆ ಕಾರಣ ಹೇಳಬೇಡಿ

2016ರ ನವೆಂಬರ್ 8ರಂದು ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದ ಶೇ 86ರಷ್ಟು ರದ್ದಾದಾಗ ಅದು ಇಡೀ ದೇಶಕ್ಕೆ ಒಂದೇ ರಾತ್ರಿ ಅನ್ವಯವಾಯಿತು. ಎಲ್ಲರಿಗೂ ಏಕಕಾಲಕ್ಕೆ ಆದದ್ದರ ಪರಿಣಾಮವನ್ನು ಯಾರಿಗೆ ಹೋಲಿಸಿ ಅಳೆಯುವುದು? ಗೇಬ್ರಿಯಲ್ ಚೊಡೊರೊ-ರೈಶ್, ಗೀತಾ ಗೋಪಿನಾಥ್, ಪ್ರಾಚಿ ಮಿಶ್ರಾ ಮತ್ತು ಅಭಿನವ್ ನಾರಾಯಣನ್ ಅವರ ತಂಡ ಇದಕ್ಕೆ ದಾರಿ ಕಂಡುಕೊಂಡಿತು: ರದ್ದತಿ ಒಂದೇ ದಿನ ಆದರೂ ಹೊಸ ನೋಟುಗಳು ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ವೇಗದಲ್ಲಿ ತಲುಪಿದವು. ನೋಟುಗಳ ಕೊರತೆ ಹೆಚ್ಚಿದ್ದ ಜಿಲ್ಲೆಗಳಲ್ಲಿ ರಾತ್ರಿಯ ಬೆಳಕು, ಉದ್ಯೋಗ, ಬ್ಯಾಂಕ್ ಸಾಲದ ಬೆಳವಣಿಗೆ ಹೆಚ್ಚು ಕುಸಿದದ್ದನ್ನು ಅವರು ತೋರಿಸಿದರು. ಮೈಸೂರಿನಲ್ಲಿ ಬೆಳೆದು ಓದಿದ ಗೀತಾ ಗೋಪಿನಾಥ್ ಅವರು ಸಹಲೇಖಕಿಯಾಗಿರುವ ಈ ಅಧ್ಯಯನವನ್ನು ನಮ್ಮ ವಿದ್ಯಾರ್ಥಿಗಳು ಸಮೀಕರಣ ಬಿಟ್ಟಾದರೂ ಒಮ್ಮೆ ಓದಬೇಕು ಎಂಬುದು ನನ್ನ ಆಗ್ರಹ. ದತ್ತಾಂಶದ ಗಾತ್ರಕ್ಕಿಂತ ಹೋಲಿಕೆಯ ಆಯ್ಕೆಯೇ ಅದರ ಬಲ.

ಜುಲೈ ಪ್ರಕರಣದಲ್ಲಿ ಹೋಲಿಕೆ ಸುಲಭವಾಗಿ ಸಿಗುತ್ತದೆ, ಏಕೆಂದರೆ ನೋಟಿಸ್ ಕೊಟ್ಟದ್ದು ಕರ್ನಾಟಕದ ಇಲಾಖೆ. ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳನ್ನು ಹೋಲಿಕೆಯ ಗುಂಪಾಗಿ ಇಟ್ಟುಕೊಂಡು, ನೋಟಿಸಿಗೆ ಮುಂಚಿನ ಎಂಟು ತ್ರೈಮಾಸಿಕಗಳಲ್ಲಾದರೂ ಈ ರಾಜ್ಯಗಳ ಗೆರೆಗಳು ಕರ್ನಾಟಕದ ಜೊತೆ ಸಮಾನಾಂತರವಾಗಿ ಸಾಗಿವೆಯೇ ಎಂದು ಮೊದಲು ಪರಿಶೀಲಿಸಿ. ಸಾಗಿರದಿದ್ದರೆ ಆ ಹೋಲಿಕೆಯನ್ನು ಕೈಬಿಡಿ. ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಜಿಎಸ್‌ಟಿ ದರಗಳನ್ನು ಮುಖ್ಯವಾಗಿ ಶೇ 5 ಮತ್ತು ಶೇ 18ಕ್ಕೆ ಇಳಿಸಿದ ಬದಲಾವಣೆ 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂತು, ಮತ್ತು ಅದೇ ದಿನ ನವರಾತ್ರಿಯೂ ಆರಂಭವಾಯಿತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕದ ಒಂದೇ ಅಂಕಿಯಲ್ಲಿ ನೋಟಿಸಿನ ಭಯ, ದರ ಇಳಿಯಲೆಂದು ಖರೀದಿ ಮುಂದೂಡಿದ್ದು, ಹಬ್ಬದ ಕೊಳ್ಳುವಿಕೆ ಮೂರೂ ಕಲಸಿಹೋಗಿರುತ್ತವೆ. ಇಂತಹ ಕಡೆ ತಿಂಗಳ ಅಥವಾ ವಾರದ ಅಂಕಿ ಸಿಗದಿದ್ದರೆ, ವರ್ತನೆಯ ಪ್ರಶ್ನೆಗೆ ಈ ದತ್ತಾಂಶ ಉತ್ತರ ಕೊಡುವುದಿಲ್ಲ ಎಂದು ಬರೆದು ಮುಂದೆ ಹೋಗುವುದೇ ಸರಿಯಾದ ಕ್ರಮ.

ಋತುಮಾನವನ್ನೂ ಮರೆಯಬಾರದು. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಭರದಿಂದಾಗಿ ಏಪ್ರಿಲ್ ತಿಂಗಳ ಜಿಎಸ್‌ಟಿ ಸಂಗ್ರಹ ಸಾಮಾನ್ಯವಾಗಿ ಹೆಚ್ಚಿರುತ್ತದೆ. 2025ರ ಏಪ್ರಿಲ್‌ನಲ್ಲಿ ಅದು ಸುಮಾರು 2.37 ಲಕ್ಷ ಕೋಟಿ ರೂಪಾಯಿ ಇತ್ತು. ಮೇ ತಿಂಗಳನ್ನು ಏಪ್ರಿಲ್‌ಗೆ ಹೋಲಿಸಿ ‘ಕುಸಿತ’ ಎನ್ನುವ ಬದಲು ಹಿಂದಿನ ವರ್ಷದ ಮೇ ತಿಂಗಳಿಗೆ ಹೋಲಿಸಿ.

ಅಭಿಪ್ರಾಯವನ್ನು ಎಲ್ಲಿಂದ ಸಂಗ್ರಹಿಸುವುದು

ಹತ್ತು ವರ್ಷದ ಹಿಂದೆ ಇಂತಹ ಅಧ್ಯಯನಗಳೆಲ್ಲ ಟ್ವಿಟರ್ ಮೇಲೆ ನಿಂತಿದ್ದವು. ಸಂಶೋಧಕರಿಗಿದ್ದ ಉಚಿತ ಪ್ರವೇಶ 2023ರಲ್ಲಿ ಮುಚ್ಚಿತು. ಫೇಸ್‌ಬುಕ್ ಪುಟಗಳನ್ನು ಅಭ್ಯಸಿಸಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ನಿಂತಿತು. ಕನ್ನಡದ ಮಟ್ಟಿಗೆ ಇದು ದೊಡ್ಡ ನಷ್ಟವೇನಲ್ಲ, ಏಕೆಂದರೆ ಕನ್ನಡದ ಸಾಮಾನ್ಯ ಓದುಗರು ಮತ್ತು ನೋಡುಗರು ಮಾತನಾಡುವುದು ಹೆಚ್ಚಾಗಿ ಯೂಟ್ಯೂಬಿನ ಸುದ್ದಿ ವಾಹಿನಿಗಳ ಕೆಳಗೆ. ಯೂಟ್ಯೂಬಿನ ಎಪಿಐ, ಅಂದರೆ ಪ್ರೋಗ್ರಾಂ ಬರೆದು ದತ್ತಾಂಶ ಪಡೆಯುವ ದಾರಿ, ದಿನಕ್ಕೆ 10,000 ಯೂನಿಟ್‌ಗಳ ಮಿತಿಯಲ್ಲಿ ಉಚಿತ. ಒಂದು ಹುಡುಕಾಟಕ್ಕೆ 100 ಯೂನಿಟ್ ತಗುಲಿದರೆ, 100 ಕಾಮೆಂಟುಗಳವರೆಗಿನ ಒಂದು ಪುಟಕ್ಕೆ ಒಂದೇ ಯೂನಿಟ್. ಹಾಗಾಗಿ ಹುಡುಕಾಟದಲ್ಲಿ ಯೂನಿಟ್ ವ್ಯಯಿಸದೆ, ವಾಹಿನಿಗಳ ಪಟ್ಟಿಯನ್ನು ಮೊದಲೇ ನಿರ್ಧರಿಸಿ, ಆ ಅವಧಿಯಲ್ಲಿ ಅವು ಹಾಕಿದ ಎಲ್ಲ ವಿಡಿಯೊಗಳ ಪಟ್ಟಿ ತೆಗೆದು, ವಿಷಯಕ್ಕೆ ಸಂಬಂಧಿಸಿದವನ್ನೆಲ್ಲ ಆರಿಸಿಕೊಳ್ಳಿ. ಹೆಚ್ಚು ವೀಕ್ಷಣೆ ಪಡೆದವನ್ನಷ್ಟೇ ತೆಗೆದುಕೊಂಡರೆ ಹೆಚ್ಚು ಕೆರಳಿಸಿದ ವಿಡಿಯೊಗಳೇ ನಿಮ್ಮ ಮಾದರಿಯಾಗುತ್ತವೆ. ಕಾಮೆಂಟುಗಳು ಅಳಿಸಿಹೋಗುವುದರಿಂದ ಸಂಗ್ರಹಿಸಿದ ದಿನಾಂಕವನ್ನು ದಾಖಲಿಸಿ. ದತ್ತಾಂಶವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬ ಷರತ್ತನ್ನೂ ಓದಿಕೊಳ್ಳಿ.

ಗೂಗಲ್ ಟ್ರೆಂಡ್ಸ್ ಹುಡುಕಾಟದ ನಿಜವಾದ ಸಂಖ್ಯೆಯನ್ನು ಕೊಡುವುದಿಲ್ಲ. ಆಯ್ದ ಅವಧಿಯ ಗರಿಷ್ಠವನ್ನು 100 ಎಂದಿಟ್ಟು ಉಳಿದುದನ್ನು ಅದಕ್ಕೆ ಅನುಪಾತವಾಗಿ ತೋರಿಸುತ್ತದೆ. ಅದೂ ಒಂದು ಮಾದರಿಯಿಂದ ಮಾಡಿದ ಲೆಕ್ಕವಾದ್ದರಿಂದ ಅದೇ ಹುಡುಕಾಟವನ್ನು ಬೇರೆ ಬೇರೆ ದಿನಗಳಲ್ಲಿ ಮತ್ತೆ ತೆಗೆದು ಸರಾಸರಿ ಮಾಡಬೇಕು. ಕನ್ನಡ ಲಿಪಿಯ ಪದ, ಇಂಗ್ಲಿಷ್ ಪದ ಎರಡನ್ನೂ ಹಾಕಿ. ಜಿಎಸ್‌ಟಿ ನೋಂದಣಿಯ ವಿಧಾನವನ್ನು ಹುಡುಕಿದವರು ಹೆದರಿದ್ದರೋ, ನಿಯಮಕ್ಕೆ ಬದ್ಧರಾಗಲು ಹೊರಟಿದ್ದರೋ ಆ ಗೆರೆಯಿಂದ ತಿಳಿಯದು; ವಿಷಯ ಎಂದು, ಎಲ್ಲಿ ಜನರ ಮನಸ್ಸಿಗೆ ಬಂತು ಎಂಬುದು ಮಾತ್ರ ತಿಳಿಯುತ್ತದೆ.

ಪತ್ರಿಕೆಗಳು ಮೂರನೆಯ ಮೂಲ. ಬೇಕರ್, ಬ್ಲೂಮ್ ಮತ್ತು ಡೇವಿಸ್ ಅವರು ರೂಪಿಸಿದ ಆರ್ಥಿಕ ನೀತಿ ಅನಿಶ್ಚಿತತೆಯ ಸೂಚ್ಯಂಕವು ಅರ್ಥವ್ಯವಸ್ಥೆ, ನೀತಿ, ಅನಿಶ್ಚಿತತೆ ಮೂರಕ್ಕೂ ಸಂಬಂಧಿಸಿದ ಪದಗಳು ಒಟ್ಟಿಗೆ ಬರುವ ಲೇಖನಗಳನ್ನು ಎಣಿಸುತ್ತದೆ. ಭಾರತದ ಸೂಚ್ಯಂಕ ಏಳು ಪತ್ರಿಕೆಗಳಿಂದ ತಯಾರಾಗುತ್ತದೆ, ಏಳೂ ಇಂಗ್ಲಿಷ್ ಪತ್ರಿಕೆಗಳೇ. ಕನ್ನಡ ಪತ್ರಿಕೆಗಳಿಂದ ಇಂತಹದೇ ಸೂಚ್ಯಂಕವನ್ನು ಕಟ್ಟುವುದು ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಸಾಧ್ಯವಿರುವ, ತುರ್ತಾಗಿ ಆಗಬೇಕಾದ ಕೆಲಸ.

ಕನ್ನಡ ಪಠ್ಯವನ್ನು ಹದಗೊಳಿಸುವುದು

ಸಂಗ್ರಹಿಸಿದ ಪಠ್ಯವನ್ನು ನೇರವಾಗಿ ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ‘ಜಿಎಸ್‌ಟಿ’ ಎಂಬುದನ್ನೇ ನೋಡಿ: ಸ್ ಮತ್ತು ಟಿ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕಿ ಕೆಲವರು ಬರೆಯುತ್ತಾರೆ, ಹಾಕದೆ ‘ಜಿಎಸ್ಟಿ’ ಎಂದು ಒತ್ತಕ್ಷರವಾಗಿ ಬರೆಯುವವರಿದ್ದಾರೆ, ಚುಕ್ಕೆಯಿಟ್ಟು ‘ಜಿ.ಎಸ್.ಟಿ.’ ಎನ್ನುವವರೂ ಇದ್ದಾರೆ. ಓದುಗರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರು ಬೇರೆ ಪದಗಳು. ‘ೊ’ ಎಂಬ ಸ್ವರಚಿಹ್ನೆಯೂ ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಒಂದೇ ಸಂಕೇತವಾಗಿ ಇರಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಇರಬಹುದು. ಆದ್ದರಿಂದ ಎಲ್ಲ ಪಠ್ಯವನ್ನೂ ಒಂದೇ ಯೂನಿಕೋಡ್ ರೂಪಕ್ಕೆ ತಂದು, ಕಾಣದ ಅಕ್ಷರಗಳನ್ನು ತೆಗೆದು, ಪದದ ರೂಪಾಂತರಗಳ ಪಟ್ಟಿ ಮಾಡಿಕೊಂಡ ಮೇಲೆಯೇ ಹುಡುಕಾಟ ಆರಂಭಿಸಬೇಕು. ಹಳೆಯ ಪಿಡಿಎಫ್‌ಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಪದದ ತುಣುಕಿನಿಂದ ಹುಡುಕುವುದು ಕನ್ನಡಕ್ಕೆ ಅನಿವಾರ್ಯ, ಏಕೆಂದರೆ ‘ತೆರಿಗೆ’ಯು ತೆರಿಗೆಯನ್ನು, ತೆರಿಗೆಯಿಂದಾಗಿ, ತೆರಿಗೆದಾರರಿಗೂ ಎಂದು ಬೆಳೆಯುತ್ತಲೇ ಹೋಗುತ್ತದೆ. ಆದರೆ ‘ಕರ’ ಎಂಬ ತುಣುಕನ್ನು ಕೊಟ್ಟರೆ ಕರೆ, ಪ್ರಕರಣ, ಉಪಕರಣ ಎಲ್ಲವೂ ತೆರಿಗೆಯ ಲೆಕ್ಕಕ್ಕೆ ಬಂದುಬಿಡುತ್ತವೆ. ಪ್ರತಿ ಹುಡುಕುಪದಕ್ಕೂ ಸಿಕ್ಕ ಸಾಲುಗಳಲ್ಲಿ ಐವತ್ತನ್ನು ಕಣ್ಣಾರೆ ಓದಿ ನೋಡದೆ ಅದನ್ನು ಪಟ್ಟಿಗೆ ಸೇರಿಸಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಕಾಮೆಂಟುಗಳನ್ನು ಬಿಟ್ಟುಬಿಡುವ ಆಸೆಯಾಗುತ್ತದೆ. ಬಿಟ್ಟರೆ ಯುವಕರ ಮಾತಿನ ಬಹುಭಾಗ ಹೋಗುತ್ತದೆ. ಭಾರತೀಯ ಭಾಷೆಗಳಿಗೆ ಸಾಧನಗಳನ್ನು ರೂಪಿಸುವ ಎಐ4ಭಾರತ್ ತಂಡದ ಲಿಪ್ಯಂತರ ಸಾಧನದಿಂದ ಅವನ್ನು ಕನ್ನಡ ಲಿಪಿಗೆ ತರಬಹುದು.

ಅನಂತರ ವರ್ಗೀಕರಣ. ‘ಧನಾತ್ಮಕ, ಋಣಾತ್ಮಕ’ ಎಂಬ ಎರಡೇ ಡಬ್ಬಿಗಳು ನಮ್ಮ ಪ್ರಶ್ನೆಗೆ ಸಾಲವು. ‘ಹೂವು ಮಾರೋರಿಗೂ ನೋಟಿಸ್ ಕೊಟ್ರಲ್ಲ, ದೊಡ್ಡ ನಮಸ್ಕಾರ ನಿಮಗೆ’ ಎಂಬಂತಹ ವಾಕ್ಯವನ್ನು ಯಂತ್ರ ಮೆಚ್ಚುಗೆ ಎಂದು ಎಣಿಸುವ ಸಾಧ್ಯತೆ ಹೆಚ್ಚು. ಮೇಲಾಗಿ ಈ ಮಾತು ತೆರಿಗೆಯನ್ನೇನೂ ವಿರೋಧಿಸುತ್ತಿಲ್ಲ, ನೋಟಿಸ್ ಯಾರಿಗೆ ಹೋಯಿತು ಎಂಬುದನ್ನು ವಿರೋಧಿಸುತ್ತಿದೆ. ಆದ್ದರಿಂದ ಪ್ರತಿ ಕಾಮೆಂಟಿಗೂ ಎರಡು ಗುರುತು ಹಾಕಿ: ಮಾತು ಯಾವುದರ ಬಗ್ಗೆ, ಮತ್ತು ಅದರ ಪರವೋ ವಿರುದ್ಧವೋ. ಸಾವಿರದಿಂದ ಸಾವಿರದ ಐನೂರು ಕಾಮೆಂಟುಗಳನ್ನು ಇಬ್ಬರು ಪ್ರತ್ಯೇಕವಾಗಿ ಗುರುತಿಸಬೇಕು. ಒಬ್ಬರು ಉತ್ತರ ಕರ್ನಾಟಕದವರು, ಒಬ್ಬರು ಹಳೇ ಮೈಸೂರು ಕಡೆಯವರು ಇದ್ದರೆ ಉತ್ತಮ. ‘ಹೊಟ್ಟಿ ಮ್ಯಾಲ ಹೊಡದಾರ’ ಎಂಬುದರ ತೀವ್ರತೆ ಇಬ್ಬರಿಗೂ ಒಂದೇ ರೀತಿ ಕೇಳಿಸುವುದಿಲ್ಲ. ಇಬ್ಬರ ಸಹಮತವನ್ನು ಕಪ್ಪಾ ಸೂಚ್ಯಂಕದಿಂದ (ಆಕಸ್ಮಿಕವಾಗಿ ಆಗುವ ಸಹಮತವನ್ನು ಕಳೆದು ಲೆಕ್ಕಹಾಕುವ ಅಳತೆ; 1 ಎಂದರೆ ಪೂರ್ಣ ಸಹಮತ) ಅಳೆದು, ಅದು 0.7ಕ್ಕಿಂತ ಕೆಳಗಿದ್ದರೆ ಗುರುತಿಸುವ ನಿಯಮಗಳನ್ನೇ ತಿದ್ದಿ ಬರೆಯಿರಿ. ಹೀಗೆ ಗುರುತು ಹಾಕಿದ ಕಾಮೆಂಟುಗಳಿಂದ ಇಂಡಿಕ್‌ಬರ್ಟ್ ಅಥವಾ ಮುರಿಲ್‌ನಂತಹ, ಕನ್ನಡ ಬಲ್ಲ ಭಾಷಾ ಮಾದರಿಯನ್ನು ತರಬೇತುಗೊಳಿಸಿ, ಐದರಲ್ಲೊಂದು ಭಾಗವನ್ನು ಪರೀಕ್ಷೆಗೆಂದೇ ಬೇರೆ ಇಡಿ. ದೊಡ್ಡ ಚಾಟ್ ಮಾದರಿಗಳಿಂದ ವರ್ಗೀಕರಣ ಮಾಡಿಸಿದರೂ ಇದೇ ಪರೀಕ್ಷೆಗೆ ಅವುಗಳನ್ನೂ ಒಡ್ಡಬೇಕು. ಒಂದೇ ವಾಕ್ಯವನ್ನು ನಕಲು ಮಾಡಿ ಹಾಕಿದ ಖಾತೆಗಳಿರುವುದರಿಂದ ಫಲಿತಾಂಶವನ್ನು ಕಾಮೆಂಟುಗಳ ಲೆಕ್ಕದಲ್ಲೂ ಬರೆದವರ ಲೆಕ್ಕದಲ್ಲೂ ಕೊಡಿ.

ಮಾತನಾಡದವರನ್ನು ಲೆಕ್ಕಕ್ಕೆ ತರುವುದು

ಇಡೀ ಅಧ್ಯಯನದ ಪ್ರಾಮಾಣಿಕತೆ ನಿಂತಿರುವುದು ಈ ಹಂತದ ಮೇಲೆ. 2016ರ ನವೆಂಬರಿನಲ್ಲಿ ನೋಟು ರದ್ದತಿಯ ಬಗ್ಗೆ ಪ್ರಧಾನಿಯವರ ಆ್ಯಪ್ ಮೂಲಕ ಅಭಿಪ್ರಾಯ ಕೇಳಿದಾಗ ಒಂದೆರಡು ದಿನಗಳಲ್ಲೇ ಐದು ಲಕ್ಷ ಜನ ಉತ್ತರಿಸಿದರು, ಶೇ 93ರಷ್ಟು ಮಂದಿ ಬೆಂಬಲಿಸಿದ್ದಾರೆ ಎಂದು ಪ್ರಕಟವಾಯಿತು. ಸ್ಮಾರ್ಟ್‌ಫೋನ್ ಇದ್ದು, ಆ ಆ್ಯಪನ್ನು ತಾವಾಗಿಯೇ ಹಾಕಿಕೊಂಡವರ ಅಭಿಪ್ರಾಯ ಅದು. ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತ ಕೂಲಿಕಾರರದ್ದಲ್ಲ. ಗಾತ್ರ ಹೆಚ್ಚಿದರೆ ಈ ದೋಷ ಕರಗುವುದಿಲ್ಲ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿದೆ: ಅಮೆರಿಕದಲ್ಲಿ ಫೇಸ್‌ಬುಕ್ ಮೂಲಕ ವಾರಕ್ಕೆ ಸುಮಾರು 2.5 ಲಕ್ಷ ಉತ್ತರ ಸಂಗ್ರಹಿಸುತ್ತಿದ್ದ ಕೋವಿಡ್ ಸಮೀಕ್ಷೆಯು 2021ರ ಮೇ ತಿಂಗಳಲ್ಲಿ ಲಸಿಕೆ ಪಡೆದವರ ಪ್ರಮಾಣವನ್ನು 17 ಶೇಕಡಾ ಅಂಶಗಳಷ್ಟು ಹೆಚ್ಚಾಗಿ ಅಂದಾಜಿಸಿತ್ತು, ಅಷ್ಟು ದೊಡ್ಡ ಮಾದರಿಯ ಬೆಲೆ ಹತ್ತು ಜನರ ಯಾದೃಚ್ಛಿಕ (ಚೀಟಿಯೆತ್ತಿದಂತೆ ಆರಿಸಿದ) ಮಾದರಿಯಷ್ಟಕ್ಕೆ ಇಳಿದಿತ್ತು ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು.

ಹಾಗಾಗಿ ಯೂಟ್ಯೂಬ್ ಕಾಮೆಂಟುಗಳಿಂದ ‘ಕರ್ನಾಟಕದ ಜನರಲ್ಲಿ ಶೇಕಡಾ ಇಷ್ಟು ಮಂದಿ’ ಎಂದು ಬರೆಯುವಂತಿಲ್ಲ. ಅವುಗಳಿಂದ ತಿಳಿಯುವುದು ಯಾವ ವಾದಗಳು ಚಲಾವಣೆಯಲ್ಲಿವೆ, ಯಾವ ದಿನ ಯಾವುದು ಮೇಲೆದ್ದಿತು ಎಂಬುದು. ಪ್ರಮಾಣ ತಿಳಿಯಲು ಸಮೀಕ್ಷೆಯೇ ಬೇಕು. ರಿಸರ್ವ್ ಬ್ಯಾಂಕಿನ ಗ್ರಾಹಕ ವಿಶ್ವಾಸ ಸಮೀಕ್ಷೆಯು ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚುಗಳ ಬಗ್ಗೆ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ನಿಯಮಿತವಾಗಿ ಕೇಳುತ್ತದೆ. ಅದರ ಸೂಚ್ಯಂಕ 100ಕ್ಕಿಂತ ಮೇಲಿದ್ದರೆ ಆಶಾವಾದ, ಕೆಳಗಿದ್ದರೆ ನಿರಾಶೆ. ಲೋಕನೀತಿ-ಸಿಎಸ್‌ಡಿಎಸ್ ಸಂಸ್ಥೆಯ 2024ರ ಚುನಾವಣಾಪೂರ್ವ ಸಮೀಕ್ಷೆಯಲ್ಲಿ ಸುಮಾರು 10,000 ಮತದಾರರು ಉತ್ತರಿಸಿದ್ದರು. ಪ್ರಮುಖ ಸಮಸ್ಯೆ ನಿರುದ್ಯೋಗವೆಂದು ಶೇ 27ರಷ್ಟು, ಬೆಲೆಯೇರಿಕೆಯೆಂದು ಶೇ 23ರಷ್ಟು ಮಂದಿ ಹೇಳಿದ್ದರು. ಆಯ್ಕೆಯ ಕ್ರಮ ಸರಿಯಿದ್ದರೆ ಹತ್ತು ಸಾವಿರ ಉತ್ತರಗಳು ಐದು ಲಕ್ಷಕ್ಕಿಂತ ಹೆಚ್ಚು ತಿಳಿಸುತ್ತವೆ.

ನೋಟಿಸಿನ ಪ್ರಕರಣಕ್ಕೆ ನೇರವಾದ ಸಮೀಕ್ಷೆ ಬೇಕಿದ್ದರೆ ನೀವೇ ಮಾಡಬೇಕಾಗುತ್ತದೆ, ಅದು ಅಸಾಧ್ಯವೇನಲ್ಲ. ಒಂದು ಊರಿನ ಪೇಟೆ ಬೀದಿಗಳನ್ನೂ ಸಂತೆಯನ್ನೂ ಪಟ್ಟಿ ಮಾಡಿ, ಅವುಗಳಲ್ಲಿ ಕೆಲವನ್ನು ಚೀಟಿಯೆತ್ತಿ ಆರಿಸಿ, ಆರಿಸಿದ ಬೀದಿಯಲ್ಲಿ ಪ್ರತಿ ಐದನೆಯ ಅಂಗಡಿಗೆ ಹೋಗಿ. ತಳ್ಳುಗಾಡಿ, ಬುಟ್ಟಿ ವ್ಯಾಪಾರದವರನ್ನೂ ಎಣಿಕೆಗೆ ಸೇರಿಸಿ. 400 ಅಂಗಡಿಗಳ ಯಾದೃಚ್ಛಿಕ ಮಾದರಿಗೆ ಅಂದಾಜಿನ ದೋಷ ಹೆಚ್ಚುಕಡಿಮೆ 5 ಶೇಕಡಾ ಅಂಶಗಳಷ್ಟಿರುತ್ತದೆ. ಬೀದಿವಾರು ಗುಂಪಾಗಿ ಆರಿಸಿದ್ದರಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಕ್ಯೂಆರ್ ಕೋಡ್ ತೂಗಿದೆಯೇ ಎಂಬುದನ್ನು ಕೇಳುವ ಮೊದಲೇ ನೋಡಿ ಬರೆದುಕೊಳ್ಳಿ. ‘ಜಿಎಸ್‌ಟಿಯನ್ನು ವಿರೋಧಿಸುತ್ತೀರಾ?’ ಎಂದು ಕೇಳುವ ಬದಲು ‘ಈ ತಿಂಗಳು ಗಿರಾಕಿಗಳು ಹಣ ಹೇಗೆ ಕೊಡುತ್ತಿದ್ದಾರೆ, ನೀವು ಏನಾದರೂ ಬದಲಿಸಿದಿರಾ, ಏಕೆ?’ ಎಂದು ಕೇಳಿದರೆ ವ್ಯಾಪಾರಿ ಮನಬಿಚ್ಚಿ ಮಾತನಾಡುತ್ತಾರೆ. ತೆರಿಗೆ ಇಲಾಖೆಯವರಲ್ಲ ಎಂದು ನಿಮ್ಮ ಪರಿಚಯವನ್ನು ಸ್ಪಷ್ಟವಾಗಿ ಹೇಳಿ, ಹೆಸರು, ಫೋನ್ ನಂಬರ್, ಖಾತೆಯ ವಿವರ ಯಾವುದನ್ನೂ ಬರೆದುಕೊಳ್ಳಬೇಡಿ. ಪಾವತಿ ದತ್ತಾಂಶದಿಂದಲೇ ತೊಂದರೆಗೊಳಗಾದವರ ಬಳಿ ಹೋಗುತ್ತಿದ್ದೀರಿ. ನಿಮ್ಮ ಕಡತ ಇನ್ನೊಂದು ನೋಟಿಸಿಗೆ ಕಾರಣವಾಗಬಾರದು. ಕಾಮೆಂಟುಗಳ ವಿಷಯದಲ್ಲೂ ಹಾಗೆಯೇ: ಬಳಕೆದಾರರ ಹೆಸರುಗಳನ್ನು ಸಂಕೇತಕ್ಕೆ ಬದಲಿಸಿ, ವಾಕ್ಯಗಳನ್ನು ಯಥಾವತ್ತಾಗಿ ಉಲ್ಲೇಖಿಸಿದರೆ ಹುಡುಕಿ ಪತ್ತೆ ಮಾಡಬಹುದಾದ್ದರಿಂದ ಸಾರಾಂಶವನ್ನಷ್ಟೇ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ಇದೆ; ಆ ಷರತ್ತುಗಳನ್ನು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯೊಂದಿಗೆ ಮೊದಲೇ ಚರ್ಚಿಸಿ.

ವರದಿ ಬರೆಯುವಾಗ ಪಾವತಿಯ ಗೆರೆ, ಹುಡುಕಾಟದ ಗೆರೆ, ಕಾಮೆಂಟುಗಳ ವರ್ಗೀಕರಣ, ಅಂಗಡಿ ಸಮೀಕ್ಷೆ ನಾಲ್ಕನ್ನೂ ಒಂದೇ ಅಂಕಿಗೆ ಕುದಿಸದೆ ಪಕ್ಕಪಕ್ಕದಲ್ಲಿಡಿ. ಅವು ಒಂದಕ್ಕೊಂದು ಒಪ್ಪದಿದ್ದರೆ ಅದನ್ನೇ ಮೊದಲ ಪುಟದಲ್ಲಿ ಹೇಳಿ: ಕಾಮೆಂಟುಗಳಲ್ಲಿ ಯುಪಿಐ ವಿರುದ್ಧ ಮಾತು ಹೆಚ್ಚಿದ್ದು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಉಳಿದಿದ್ದರೆ, ಆ ವ್ಯತ್ಯಾಸಕ್ಕೆ ಗಿರಾಕಿಗಳ ಒತ್ತಾಯವೇ ಕಾರಣವೇ ಎಂದು ಸಮೀಕ್ಷೆಯ ಉತ್ತರಗಳಲ್ಲಿ ಹುಡುಕಬಹುದು. ಪ್ರತಿ ಅಂದಾಜಿನ ಜೊತೆಗೂ ದೋಷದ ವ್ಯಾಪ್ತಿಯನ್ನು ಬರೆಯಿರಿ, ಹುಡುಕುಪದಗಳ ಪಟ್ಟಿ, ಗುರುತಿಸುವ ನಿಯಮಗಳು, ಪ್ರಶ್ನಾವಳಿ ಮತ್ತು ಕೋಡನ್ನು ಹೆಸರುಗಳಿಲ್ಲದ ದತ್ತಾಂಶದೊಂದಿಗೆ ಮುಕ್ತವಾಗಿಡಿ, ಮತ್ತು ಪೂರ್ಣ ವರದಿಯ ಜೊತೆಗೆ ಉತ್ತರ ಕೊಟ್ಟ ಪೇಟೆ ಬೀದಿಯ ವ್ಯಾಪಾರಿಗಳ ಸಂಘಕ್ಕೆ ಎರಡು ಪುಟದ ಕನ್ನಡ ಪ್ರತಿಯನ್ನು ತಲುಪಿಸಿ.